ಹೊಲಿದ ಚೀಲದ ಎರಡನೇ ಗುಂಡಿ

ನನ್ನ ಮಾಮ ನನ್ನ ಈ ಕಥೆಯನ್ನು ಮದುವೆ ಮನೆಗಳಲ್ಲಿ ಹೇಳುವ ಕ್ರಮ ಹೀಗೆ: ಕಾಞಂಗಾಡಿನ ಜಾದೂ ಪ್ರದರ್ಶನದಲ್ಲಿ ನಾನು ಜಂಬದಿಂದ ವೇದಿಕೆ ಹತ್ತಿದೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಹೆಂಗಸು ನನ್ನ ಮನಸ್ಸನ್ನೇ ಓದಿಬಿಟ್ಟಳು, ನಾನು ಗಳಗಳನೆ ಅತ್ತು ಅವಳ ಕಾಲು ಹಿಡಿದೆ, ಅಂದಿನಿಂದ ನನ್ನ ನಾಲಗೆ ಗಿಡ್ಡವಾಯಿತು. ಇದರಲ್ಲಿ ನಿಜವಾದದ್ದು ಕಾಞಂಗಾಡು ಮತ್ತು ವೇದಿಕೆ ಮಾತ್ರ. ನಾನು ಅಳಲಿಲ್ಲ. ಕಾಲು ಹಿಡಿಯಲಿಲ್ಲ, ಕೈಜಾರಿದ ಕತ್ತರಿಯನ್ನು ಹೆಕ್ಕಲು ಬಗ್ಗಿದೆ. ಆಕೆ ನನ್ನ ಮನಸ್ಸನ್ನು ಓದಲೂ ಇಲ್ಲ. ಓದಿದ್ದರೆ ಆಕೆಯ ಉತ್ತರ ತಪ್ಪಾಗುತ್ತಿತ್ತು. ನನ್ನ ಕಷ್ಟ ಇರುವುದೇ ಅಲ್ಲಿ. ನಾಲಗೆಯ ಉದ್ದದ ವಿಷಯ ಓದುಗರೇ ತೀರ್ಮಾನಿಸಲಿ.

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಂಬದಿರುವುದೇ ನನಗೊಂದು ಹೆಮ್ಮೆಯಾಗಿತ್ತು. ಆಗ ಪ್ಲಸ್ ಟು ಮುಗಿಸಿದ್ದೆ. ಮನೆಮಾತು ಬ್ಯಾರಿ, ಆದರೆ ವಾದ ಮಾಡಲು ಕಲಿತದ್ದು ಕನ್ನಡದಲ್ಲಿ. ಕನ್ನಡ ಚರ್ಚಾಸ್ಪರ್ಧೆಯಲ್ಲಿ ಜಿಲ್ಲೆಗೆ ಮೊದಲಿಗಳು. ಎದುರಾಳಿಗೆ ಒಂದಿಂಚೂ ಬಿಟ್ಟುಕೊಡಬಾರದು ಎಂಬುದು ನಮ್ಮ ಟೀಚರ್ ಹೇಳಿಕೊಟ್ಟ ಮೊದಲ ಪಾಠ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಬಂದ ಒಬ್ಬ ಜಾದೂಗಾರನ ತೋಳಿನೊಳಗಿದ್ದ ರಬ್ಬರ್ ಪಟ್ಟಿಯನ್ನು ಎದ್ದು ನಿಂತು ತೋರಿಸಿದವಳು ನಾನೇ. ಮಕ್ಕಳೆಲ್ಲ ಹೋ ಎಂದು ಕೂಗಿದರು. ಆತ ಆಟವನ್ನು ಅರ್ಧಕ್ಕೇ ನಿಲ್ಲಿಸಿ ಪೆಟ್ಟಿಗೆ ಕಟ್ಟಿಕೊಂಡು ಹೋದ. ಅದನ್ನು ಗೆಲುವೆಂದೇ ಎಣಿಸಿದ್ದೆ.

ಆ ವರ್ಷ ಮೇ ರಜೆಯಲ್ಲಿ ಮಾಮ ಒಂದು ದಿನದ ಪ್ರವಾಸ ಹೊರಡಿಸಿದರು. ಬೆಳಿಗ್ಗೆ ಬೇಕಲ ಕೋಟೆ, ಮಧ್ಯಾಹ್ನ ಒಂದು ಜಾದೂ ಪ್ರದರ್ಶನ. ರಜೆಯಾದ್ದರಿಂದ ಆ ವಾರ ಕಾಞಂಗಾಡಿನ ಸುತ್ತ ಮೂರು ತಂಡಗಳು ಆಟ ಹೂಡಿದ್ದವು. ಮಾಮ ಮೂರರ ನೋಟೀಸುಗಳನ್ನೂ ನನ್ನ ಮುಂದೆ ಎಸೆದರು. "ನೀನೇ ಆರಿಸು ಮಾರಾಯ್ತಿ. ನಾವು ಆರಿಸಿದರೆ ಅದು ಮೋಸ, ಇದು ಮೋಸ ಅಂತ ದಾರಿಯುದ್ದಕ್ಕೂ ತಲೆ ತಿನ್ನುತ್ತಿ."

ಮಾಮನ ಮಕ್ಕಳಿಗೆ ಹುಡುಗಿಯನ್ನು ಗರಗಸದಲ್ಲಿ ಕೊಯ್ಯುವ ಆಟವೇ ಬೇಕಿತ್ತು. ನಾನು ಮೂರೂ ನಂಬರುಗಳಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಪರೀಕ್ಷಿಸಲು ನಮ್ಮದೇ ವಸ್ತು ತರಬಹುದೇ? ಗರಗಸದವರು ಫೋನ್ ಇಟ್ಟುಬಿಟ್ಟರು. ಎರಡನೆಯವರು ಟಿಕೆಟ್ ಎಷ್ಟು ಬೇಕು ಎಂದಷ್ಟೇ ಕೇಳಿದರು. ಮೂರನೆಯದು ಗಂಡಹೆಂಡತಿಯ ಆಟ. ಹೆಂಡತಿ ಕಣ್ಣು ಕಟ್ಟಿಕೊಂಡು ಕೂರುವುದು, ಗಂಡ ಪ್ರೇಕ್ಷಕರ ನಡುವೆ ಓಡಾಡಿ ವಸ್ತುಗಳನ್ನು ಎತ್ತಿ ಹಿಡಿಯುವುದು, ಆಕೆ ಹೆಸರು ಹೇಳುವುದು. ಫೋನ್ ಎತ್ತಿದ ಗಂಡ ಮಲಯಾಳದಲ್ಲಿ ಮಗಳೇ ಎಂದು ಕರೆದು, "ತನ್ನಿ ಮೋಳೆ, ಬೇಕಾದರೆ ಕಟ್ಟಿಯೇ ತನ್ನಿ" ಎಂದರು.

ಈ ಆಟದ ಗುಟ್ಟು ನನಗೆ ಗೊತ್ತಿತ್ತು. ಗಂಡ ಕೇಳುವ ಪ್ರಶ್ನೆಯ ಮಾತುಗಳಲ್ಲೇ ಉತ್ತರ ಅಡಗಿರುತ್ತದೆ. "ಬೇಗ ಹೇಳು" ಎಂದರೆ ವಾಚು, "ಸರಿಯಾಗಿ ನೋಡಿ ಹೇಳು" ಎಂದರೆ ಕನ್ನಡಕ, ಹೀಗೆ. ಆತ ಬಾಯಿ ಮುಚ್ಚಿದರೆ ಆಟ ಅಲ್ಲಿಗೇ ಮುಗಿಯಿತು. ಅಷ್ಟು ಸಾಲದೆಂದು, ಒಳಗೇನಿದೆ ಎಂದು ನನಗೂ ಗೊತ್ತಿರಬಾರದು ಎಂದುಕೊಂಡೆ. ಅದಕ್ಕೆ ನನ್ನ ತಾಯಿ, ಉಮ್ಮನನ್ನು ಹಿಡಿದೆ.

ನನ್ನ ಉಮ್ಮ ಮಂಜೇಶ್ವರದಲ್ಲಿ ಟೈಲರ್. ಮೇ ತಿಂಗಳೆಂದರೆ ಯೂನಿಫಾರ್ಮಿನ ಕಾಲ, ಊಟಕ್ಕೂ ಪುರುಸೊತ್ತಿಲ್ಲ, ಪ್ರವಾಸದ ಮಾತಂತೂ ಇಲ್ಲವೇ ಇಲ್ಲ. ಆದರೂ ನನ್ನ ಕಾಟ ತಾಳಲಾರದೆ ಒಂದು ಚೂರು ಬಟ್ಟೆಯಲ್ಲಿ ಹೆಬ್ಬೆರಳಿನಷ್ಟು ಚೀಲ ಮಾಡಿ, ಅಲುಗಾಡಿಸಿದರೆ ಸದ್ದಾಗದಂತೆ ಹತ್ತಿ ತುಂಬಿ, ನಾನು ಬೇರೆ ಕೋಣೆಯಲ್ಲಿದ್ದಾಗ ಒಳಗೆ ಏನನ್ನೋ ಇಟ್ಟು ಕೈಯಿಂದ ಹೊಲಿದರು. ಉಮ್ಮ ಎಡಗೈಯವರು. ಅವರ ಹೊಲಿಗೆ ಉಳಿದವರದ್ದಕ್ಕೆ ವಿರುದ್ಧ ದಿಕ್ಕಿಗೆ ಓರೆಯಾಗುತ್ತದೆ. ಹಸಿರು, ಹಳದಿ ಎರಡು ನೂಲು ಹೊಸೆದು ಹೊಲಿಸಿದೆ. ಬಿಚ್ಚಿ ಮತ್ತೆ ಹಾಗೆಯೇ ಹೊಲಿಯುವವರು ಈ ಜಿಲ್ಲೆಯಲ್ಲಿಲ್ಲ. ಅರಗಿನ ಮುದ್ರೆಗಿಂತ ಗಟ್ಟಿ ಮುದ್ರೆ ನನ್ನ ಉಮ್ಮನ ಹೊಲಿಗೆ ಎಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

"ಎಷ್ಟು ಸಾಮಾನು ಉಂಟು ಉಮ್ಮಾ? ಎಂತ ಅಂತ ಹೇಳುವುದು ಬೇಡ."

"ಒಂದೇ. ಇನ್ನು ನಡಿ, ನಲುವತ್ತು ಚೂಡಿದಾರ್ ಬಾಕಿ ಉಂಟು."

ಅಲ್ಲೇ ಕೂತಿದ್ದ ಮಾಮ ನಗಾಡಿದರು. ನಾನು ಮಂಗಳೂರಿನಲ್ಲಿ ವಕೀಲಿ ಓದಬೇಕೆಂದು ಹಟ ಹಿಡಿದಿದ್ದ ದಿನಗಳವು. ನನ್ನ ತಂದೆ, ಉಪ್ಪ, ತೀರಿಕೊಂಡ ಮೇಲೆ ಇಂಥ ವಿಷಯದಲ್ಲಿ ಮಾಮನ ಮಾತೇ ಕೊನೆ. "ಆ ಹೆಂಗಸು ತಪ್ಪು ಹೇಳಿದರೆ ಲಾ ಕಾಲೇಜಿನ ಫಾರ್ಮ್ ನಾನೇ ತಂದುಕೊಡುತ್ತೇನೆ. ಸರಿ ಹೇಳಿದರೆ ಸುಮ್ಮನೆ ಇಲ್ಲೇ ಡಿಗ್ರಿಗೆ ಸೇರುವುದು. ಆಗಬಹುದಾ?"

"ಬಾಜಿ ಹರಾಮ್," ಎಂದರು ಉಮ್ಮ ತಲೆಯೆತ್ತದೆ.

"ಬಾಜಿ ಅಲ್ಲ, ಇದು ಒಪ್ಪಂದ," ಎಂದರು ಮಾಮ. ನಾನು ಕೈ ಚಾಚಿದೆ.

ಮಧ್ಯಾಹ್ನ ಮೂರು ಗಂಟೆಗೆ ಆಟ. ಹಾಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ. ಗಂಡನಿಗೆ ಅರುವತ್ತು ದಾಟಿರಬಹುದು, ಕೋಟಿನ ಮೊಣಕೈಗೆ ತೇಪೆ ಹಾಕಿತ್ತು. ಅದು ಒಳ್ಳೆಯ ಹೊಲಿಗೆ ಎಂದು ಟೈಲರ್ ಒಬ್ಬರ ಮಗಳಾಗಿ ಗಮನಿಸಿದೆ. ನನ್ನ ಸರದಿ ಬಂದಾಗ ವೇದಿಕೆ ಹತ್ತಿ ಷರತ್ತುಗಳನ್ನು ಮೈಕಿನಲ್ಲೇ ಹೇಳಿದೆ. ಚೀಲ ನನ್ನ ಮುಷ್ಟಿಯಲ್ಲೇ ಇರುತ್ತದೆ. ತಾವು ಅದನ್ನು ಮುಟ್ಟಬಾರದು, ಹತ್ತು ಹೆಜ್ಜೆ ದೂರ ನಿಲ್ಲಬೇಕು, ಒಂದಕ್ಷರ ಮಾತಾಡಬಾರದು, ಕೆಮ್ಮಲೂಬಾರದು. ಆತನ ಮುಖ ಸಣ್ಣದಾಯಿತು. ಹೆಂಡತಿಯ ಕಡೆ ನೋಡಿದರು. ಆಕೆ ಕಪ್ಪು ಬಟ್ಟೆ ಕಟ್ಟಿಕೊಂಡೇ ತಲೆಯಾಡಿಸಿದರು. ಆತ ಹಿಂದೆ ಸರಿದು ಗೋಡೆಗೆ ಮುಖಮಾಡಿ ನಿಂತರು.

ಆಕೆ, ಅಡುಗೆಮನೆಯಿಂದ ಯಾರಿಗೋ ಹೇಳುವಂಥ ಸಾದಾ ದನಿಯಲ್ಲಿ ಹೇಳಿದರು: "ಎರಡು ಗುಂಡಿ. ಒಂದು ಬಿಳಿ. ಒಂದು ನೀಲಿ. ನೀಲಿಯದ್ದರಲ್ಲಿ ನೂಲು ಹಾಗೇ ಉಂಟು."

"ತಪ್ಪು!" ನಾನು ಮೈಕಿಗೆ ಬಾಯಿಕೊಟ್ಟು ಹೇಳಿದೆ. "ಒಳಗಿರುವುದು ಒಂದೇ ವಸ್ತು." ಹಾಲ್ ನಕ್ಕಿತು. ಯಾರೋ ಸಿಳ್ಳೆ ಹಾಕಿದರು. ಗೋಡೆಗೆ ಮುಖಮಾಡಿದ್ದ ಮುದುಕನ ಭುಜಗಳು ಇಳಿದವು. ಒಂಬತ್ತನೇ ಕ್ಲಾಸಿನ ಆ ಜಾದೂಗಾರ ಪೆಟ್ಟಿಗೆ ಕಟ್ಟುವಾಗ ಅವನ ಭುಜಗಳೂ ಹೀಗೆಯೇ ಇಳಿದಿದ್ದವು ಎಂಬುದು ನನಗೆ ಆಗಲೇ ನೆನಪಾದದ್ದು.

ಜೊತೆಗೆ ತಂದಿದ್ದ ಕತ್ತರಿಯಿಂದ ಹೊಲಿಗೆ ಕೊಯ್ದೆ. ಹಸಿರು, ಹಳದಿ, ಎಡಕ್ಕೆ ಓರೆ, ಎಲ್ಲವೂ ಇದ್ದಂತೆಯೇ ಇತ್ತು. ಹತ್ತಿ ಬಿಡಿಸಿದೆ. ಒಂದು ಬಿಳಿ ಗುಂಡಿ. ಅದರ ಕೆಳಗೆ ಒಂದು ನೀಲಿ ಗುಂಡಿ, ತೂತುಗಳಲ್ಲಿ ಬಿಳಿ ನೂಲಿನ ತುಂಡು. ಕತ್ತರಿ ಬಿದ್ದದ್ದು ಆಗ.

ಈ ಭಾಗ ಮಾಮನಿಗೆ ಗೊತ್ತಿಲ್ಲ. ನನ್ನ ಅಂಗೈಯಲ್ಲಿದ್ದದ್ದನ್ನು ಕಂಡವಳು ನಾನೊಬ್ಬಳೇ. ಗಂಡ ಗೋಡೆ ನೋಡುತ್ತಿದ್ದರು, ಹೆಂಡತಿಗೆ ಕಣ್ಣು ಕಟ್ಟಿತ್ತು, ಜನ ಕೆಳಗಿದ್ದರು. ಬೆರಳ ಸಂದಿಯಲ್ಲಿ ನೀಲಿಯದ್ದನ್ನು ಅಡಗಿಸಿ ಬಿಳಿಯದ್ದನ್ನಷ್ಟೇ ಎತ್ತಿ ಹಿಡಿದಿದ್ದರೆ ಲಾ ಕಾಲೇಜು ನನ್ನದು. ಕತ್ತರಿ ಹೆಕ್ಕಲು ಬಗ್ಗಿದಾಗ ಅದಕ್ಕೆ ಬೇಕಾದಷ್ಟು ಸಮಯವೂ ಸಿಕ್ಕಿತು. ನಾನು ಎದ್ದು ನಿಂತು, "ಎರಡು. ಒಂದು ಬಿಳಿ, ಒಂದು ನೀಲಿ. ನೂಲು ಉಂಟು. ನಾನು ಹೇಳಿದ್ದೇ ತಪ್ಪು" ಎಂದೆ. ನಾನು ಗೆದ್ದ ಯಾವ ಸ್ಪರ್ಧೆಯ ಬಗೆಗೂ ನನಗೆ ಇಷ್ಟು ಹೆಮ್ಮೆಯಿಲ್ಲ.

ಆಟ ಮುಗಿದ ಮೇಲೆ ಆತ ನನ್ನನ್ನು ಹುಡುಕಿಕೊಂಡು ಹೊರಗೆ ಬಂದರು. ಹೊಗಳಲಿಕ್ಕೆಂದು ತಿಳಿದೆ. ಆತ ತಗ್ಗಿದ ದನಿಯಲ್ಲಿ ಕೇಳಿದ್ದು ಬೇರೆ: "ಮೋಳೆ, ನೀವು ಅವಳಿಗೆ ಮೊದಲೇ ಹೇಳಿದ್ದಿರಾ?" ಇಲ್ಲವೆಂದೆ. "ನಾನು ಮಾತಾಡದಿದ್ದರೆ ಅವಳು 'ಇವತ್ತು ಕಾಣುವುದಿಲ್ಲ' ಅಂತ ಹೇಳಬೇಕು. ಮೂವತ್ತು ವರ್ಷದಿಂದ ಅದೇ ಕ್ರಮ." ಆಕೆ ಒಳಗೆ ಚಾ ಕುಡಿಯುತ್ತಿದ್ದರು. ನಾನು ಹೋಗಿ ಕೇಳಿದ್ದಕ್ಕೆ, "ಬಾಯಿಗೆ ಬಂತು, ಹೇಳಿದೆ" ಎಂದರು. ಅಷ್ಟೇ.

ಒಪ್ಪಂದದಂತೆ ಡಿಗ್ರಿಗೆ ಸೇರಿದೆ. ವಕೀಲಿ ಓದು ಮೂರು ವರ್ಷ ತಡವಾಗಿ ದಕ್ಕಿತು. ಅಷ್ಟೂ ವರ್ಷ ಇದನ್ನು ಎಲ್ಲ ಕಡೆಯಿಂದ ವಾದಿಸಿ ನೋಡಿದ್ದೇನೆ. ಉಮ್ಮ ಎರಡು ಗುಂಡಿ ಇಟ್ಟು ಸುಳ್ಳು ಹೇಳಿದರು ಎನ್ನೋಣ. ಆಗ ಗುಂಡಿಯ ಲೆಕ್ಕ ಸರಿಹೋಗುತ್ತದೆ, ಆ ಹೆಂಗಸಿಗೆ ತಿಳಿದದ್ದು ಹೇಗೆ ಎಂಬುದು ಉಳಿಯುತ್ತದೆ. ಆಕೆ ಊಹಿಸಿದರು ಎನ್ನೋಣ. ನಾನು ಟೈಲರ್ ಒಬ್ಬರ ಮಗಳೆಂದು ಯಾರೂ ಹೇಳದೆ ಗುಂಡಿ ಎಂದು ಊಹಿಸಬೇಕು, ಎರಡು ಎಂದು ಊಹಿಸಬೇಕು, ನೂಲನ್ನೂ ಊಹಿಸಬೇಕು. ನಾನೇ ತೀರ್ಪುಗಾರಳಾಗಿದ್ದರೂ ಈ ವಾದಕ್ಕೆ ಅಂಕ ಕೊಡುತ್ತಿರಲಿಲ್ಲ.

ಅಂದು ಸಂಜೆ ಮನೆಗೆ ಬಂದು ಎರಡೂ ಗುಂಡಿಗಳನ್ನು ಮೆಷಿನ್ ಮೇಲಿಟ್ಟಿದ್ದೆ. "ಬಿಳಿಯದ್ದು ನಾನು ಹಾಕಿದ್ದು" ಎಂದರು ಉಮ್ಮ. ನೀಲಿಯದ್ದನ್ನು ಕಂಡು ಅವರ ಕಾಲು ಪೆಡಲಿನ ಮೇಲೆ ನಿಂತಿತು. ಆ ತಿಂಗಳಲ್ಲಿ ಆ ಮೆಷಿನ್ ನಿಂತದ್ದನ್ನು ನಾನು ನೋಡಿರಲಿಲ್ಲ. ಯಾರದ್ದು ಎಂದು ಕೇಳಿದೆ. "ಟೈಲರನ ಮನೆಯಲ್ಲಿ ಗುಂಡಿಗೆ ಬರವಾ?" ಎಂದರು. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಅದೇ ಉತ್ತರ. ಇಷ್ಟು ವರ್ಷ ನಾನು ತಪ್ಪು ಪ್ರಶ್ನೆ ಕೇಳುತ್ತಿದ್ದೆ ಎಂದು ಮೊನ್ನೆ ಪೆರ್ನಾಲ್ ಹಬ್ಬಕ್ಕೆ ಊರಿಗೆ ಹೋದಾಗ ಹೊಳೆಯಿತು. ಸರಿಯಾದದ್ದನ್ನು ಕೇಳಿಯೂ ಬಂದೆ. ಅವರು ಸೂಜಿಗೆ ನೂಲು ಪೋಣಿಸುತ್ತಲೇ ಇದ್ದರು.

ಉಮ್ಮಾ, ಬಿಳಿ ಗುಂಡಿಯನ್ನು ಅಂದೇ ಡಬ್ಬಿಗೆ ಹಾಕಿದಿರಿ. ನೀಲಿಯದ್ದನ್ನು ಮಾತ್ರ ಕರವಸ್ತ್ರದಲ್ಲಿ ಸುತ್ತಿ, ಅಲ್ಮೇರದಲ್ಲಿಟ್ಟು ಬೀಗ ಹಾಕಿದ್ದು ಯಾಕೆ?