ಒಂಬತ್ತನೆಯ ಫಾರಂ

ಬುಧವಾರ ಮಧ್ಯಾಹ್ನ ಶೀಲಾವತಿ ಟೀಚರ ಫೋನು ಬಂದಾಗ ಚನ್ನಬಸಯ್ಯನ ಎರಡೂ ಕೈ ಅಂಟಿನಲ್ಲಿದ್ದವು. ಹೆಬ್ಬೆರಳಿನ ಗೆಣ್ಣಿನಿಂದ ಹಸಿರು ಗುಂಡಿ ತಳ್ಳಿ, ಮೊಬೈಲನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡ.

“ಎಂತ ಮಾರಾಯ್ರೆ, ನಮ್ಮ ಪುಸ್ತಕದ ಅಂಟು ಇನ್ನೂ ಒಣಗ್ಲಿಲ್ವಾ?”

“ಒಣಗಾಕತ್ತೈತ್ರಿ ಟೀಚರ್. ಹವಾ ಭಾಳ ಥಂಡಿ ಐತಲ್ರಿ...”

“ಏಪ್ರಿಲ್ ತಿಂಗಳಲ್ಲಿ ಥಂಡಿಯಾ? ಕೊಟ್ಟು ಎಂಟು ತಿಂಗಳಾಯ್ತು. ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ರೀಡೆವಲಪ್‌ಮೆಂಟ್ ಕೂಡ ನಿಕ್ಕಿ ಆಯ್ತು. ಸೋಮವಾರ ನಾನು ಮನೆ ಖಾಲಿ ಮಾಡ್ಬೇಕು. ಆದಿತ್ಯವಾರ ಐದೂ ಪುಸ್ತಕ ನನ್ನ ಕೈಗೆ ಬರ್ಬೇಕು.”

ಫೋನು ಕಟ್ಟಾಯಿತು. ಚನ್ನಬಸಯ್ಯ ಬ್ರಷ್ಷು ಹಿಡಿದುಕೊಂಡೇ ಗೋಡೆಯ ಮೇಲಿನ ಹಲಗೆಯನ್ನು ನೋಡಿದ. ಹಳೆಯ ಪಂಚೆಯಲ್ಲಿ ಸುತ್ತಿದ ಐದು ಗಂಟುಗಳು ಅಲ್ಲಿ ಸಾಲಾಗಿ ಕೂತಿದ್ದವು. ಸುಳ್ಳು ಹೇಳಬಾರದು, ಆ ಪುಸ್ತಕಗಳ ಅಂಟು ಒಣಗುವ ಮಾತೇ ಇರಲಿಲ್ಲ. ಎಂಟು ತಿಂಗಳಲ್ಲಿ ಅವನು ಅವಕ್ಕೆ ಅಂಟು ಹಚ್ಚಿಯೇ ಇರಲಿಲ್ಲ.

ಗ್ರಾಂಟ್ ರೋಡಿನ ಒಂದು ಗಲ್ಲಿಯಲ್ಲಿ, ಹಿತೇಶ್‌ಭಾಯಿಯ ಬೈಂಡಿಂಗ್ ಅಂಗಡಿಯಲ್ಲಿ ಅವನು ಮೂವತ್ತಾರು ವರ್ಷಗಳಿಂದ ದುಡಿಯುತ್ತಿದ್ದಾನೆ. ವಿಜಯಪುರದ ಕಡೆಯಿಂದ ಬಂದಾಗ ಹದಿನೆಂಟು ವಯಸ್ಸು, ಏಳನೇ ಇಯತ್ತೆಯವರೆಗಿನ ಕನ್ನಡ. ಅಂಗಡಿಗೆ ಬರುವುದೆಲ್ಲ ಗುಜರಾತಿ ಲೆಕ್ಕದ ಚೋಪಡಿ, ಇಂಗ್ಲಿಷ್ ಥೀಸಿಸ್ಸು. ಕನ್ನಡ ಪುಸ್ತಕ ಬಂದರೆ ಅದು ಹೇಗೋ ದಾರಿ ತಪ್ಪಿ ಬಂದದ್ದು, ಮುರಿದು ಹೋಗಿ, ದಾರ ಹರಿದು, ಮುಖಪುಟ ಕಳೆದುಕೊಂಡು. ಅದನ್ನು ಅವನು ಯಾರ ಕೈಗೂ ಕೊಡುತ್ತಿರಲಿಲ್ಲ.

ಓದುವುದನ್ನು ಅವನಿಗೆ ಕಲಿಸಿದ್ದು ಶಾಲೆಯಲ್ಲ, ಈ ಕಸುಬೇ. ಪುಸ್ತಕ ಬಿಚ್ಚಿದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳಾಗಿ ಬಿಡಿ ಬಿಡಿಯಾಗುತ್ತದೆ. ಒಂದೊಂದು ಮಡಿಕೆಗೂ ಬೈಂಡಿಂಗಿನವರು ಫಾರಂ ಎನ್ನುತ್ತಾರೆ. ಸಂಜೆ ಅಂಗಡಿ ಬಿಡುವಾಗ ಅವನು ಹಲಗೆಯಿಂದ ಒಂದು ಫಾರಂ ತೆಗೆದು ಟಿಫಿನ್ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ. ಸೋಮವಾರ ಒಂದು ಪುಸ್ತಕದ್ದು, ಮಂಗಳವಾರ ಇನ್ನೊಂದರದ್ದು. ಮನೆಯಿರುವುದು ಬೊರಿವಲಿಯಲ್ಲಿ, ಉತ್ತರಕ್ಕೆ. ಆದರೆ ಅವನು ಮೊದಲು ಉಲ್ಟಾ ದಿಕ್ಕಿನಲ್ಲಿ ಚರ್ಚ್‌ಗೇಟಿಗೆ ಹೋಗಿ, ಅದೇ ಗಾಡಿಯಲ್ಲಿ ಸೀಟು ಬಿಡದೆ ಕೂತು, ಸ್ಲೋ ಲೋಕಲ್‌ನಲ್ಲಿ ಬೊರಿವಲಿಯವರೆಗೆ ಒಂದು ಗಂಟೆಗೂ ಮೇಲೆ ಓದುತ್ತಿದ್ದ. ಹದಿನಾರೇ ಪುಟ. ಅಂಧೇರಿಯ ಹೊತ್ತಿಗೆ ಮುಗಿದರೆ ಮತ್ತೆ ಮೊದಲಿನಿಂದ. ಎರಡನೆಯ ಸಲ ಓದಿದಾಗಲೇ ಅವನಿಗೆ ರುಚಿ ಹತ್ತುತ್ತಿದ್ದದ್ದು. ಅದೇ ಫಾರಮನ್ನು ಮೂರು ನಾಲ್ಕು ವಾರ ಮತ್ತೆ ಮತ್ತೆ ಓದಿದ ಮೇಲೆಯೇ ಮುಂದಿನದು, ಆ ಕಾಯುವುದರಲ್ಲೂ ಒಂದು ಸುಖವಿತ್ತು. ಅದಕ್ಕೇ ಬೇಗ ಮುಗಿಸುವ ಯೋಚನೆಯೇ ಅವನಿಗೆ ಎಂದೂ ಬಂದಿರಲಿಲ್ಲ. ಟೀಚರ ಪುಸ್ತಕಗಳೋ, ಐದೂ ಐದು ಬಗೆಯವು: ಜೇನುಹುಳದ್ದೊಂದು, ಪೈಲ್ವಾನನದ್ದೊಂದು, ಹಿಮಾಲಯದ ಪ್ರವಾಸದ್ದು, ನಗೆಬರಹಗಳದ್ದು, ಮತ್ತೆ ಬಂಡಿಯ ಕಾದಂಬರಿ. ಹೆಸರಿನ ಪುಟ ಹರಿದುಹೋಗಿದ್ದರಿಂದ ಅವನು ಅವನ್ನು ಹೀಗೆಯೇ ಕರೆಯುತ್ತಿದ್ದ. ಐದರಲ್ಲೂ ಅರ್ಧಕ್ಕೆ ಬಂದಿದ್ದ.

ಈಗ ನಾಲ್ಕೇ ದಿನ.

ಅಂದು ಸಂಜೆ ಅವನು ಎರಡು ಫಾರಂ ಒಯ್ದ. ಕಣ್ಣು ಸಾಲಿನ ಮೇಲೆ ಓಡಿತು, ಮನಸ್ಸು ಮುಂದಿನ ಪುಸ್ತಕದ ಲೆಕ್ಕ ಹಾಕಿತು. ಜೇನುಹುಳ ಓದುವಾಗ ಪೈಲ್ವಾನನ ಗತಿಯೇನಾಯಿತೋ ಎಂಬ ಚಿಂತೆ, ಪೈಲ್ವಾನನ ಹತ್ತಿರ ಹೋದರೆ ಹಿಮಾಲಯ ಉಳಿಯಿತಲ್ಲ ಎಂಬ ಕಳವಳ. ಮನೆಗೆ ಬಂದರೂ ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲಿಗೆ ಹೋದ, ಕಿಟಕಿಗೆ ಬಂದ, ನೀರು ಕುಡಿದ, ಮತ್ತೆ ಬಾಗಿಲಿಗೆ ಹೋದ.

“ಯಾಕ್ರಿ, ಒಂದ ಕಡಿ ಕುಂದ್ರಬಾರದೇನ್ರಿ?” ಎಂದಳು ಹೆಂಡತಿ ಕಸ್ತೂರಿಬಾಯಿ. “ಯಾರರ ಸತ್ತಾರೇನು?”

“ಯಾರೂ ಸತ್ತಿಲ್ಲ. ಐದು ಮಂದಿ ಊರು ಬಿಟ್ಟು ಹೊಂಟಾರ,” ಎಂದ ಚನ್ನಬಸಯ್ಯ. ಕಸ್ತೂರಿಬಾಯಿಗೆ ಗಂಡನ ಇಂಥ ಮಾತು ಹೊಸದಲ್ಲ, ಅವಳು ರೊಟ್ಟಿ ಬಡಿಯುವುದಕ್ಕೆ ಹೋದಳು.

ಗುರುವಾರ ಮೂರು ಫಾರಂ ಒಯ್ದ. ಬೇಗ ಮನೆ ಸೇರಿದರೆ ಇನ್ನೆರಡು ಓದಬಹುದೆಂಬ ಆಸೆಗೆ ಚರ್ಚ್‌ಗೇಟಿಗೆ ಉಲ್ಟಾ ಹೋಗುವುದನ್ನೂ ಬಿಟ್ಟ. ಗ್ರಾಂಟ್ ರೋಡಿನಲ್ಲೇ ಗಾಡಿಗೆ ನುಗ್ಗಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಕಾಗದ, ನಿಂತೇ ಓದಿದ. ಮೊದಲು ಬಂಡಿಯ ಕಾದಂಬರಿಯ ಒಂಬತ್ತನೆಯ ಫಾರಂ. ಅದಕ್ಕೆ ಅವನು ಮೂರು ವಾರದಿಂದ ಕಾದಿದ್ದ. ಉಪ್ಪಿನ ಬಂಡಿ ಹೊಡೆಯುವ ತಂದೆ ಮಗಳನ್ನು ಗಂಡನ ಮನೆಗೆ ಬಿಡಲು ಹೊರಟಿದ್ದಾನೆ, ಮೂರು ದಿನದ ದಾರಿ. ಎಂಟನೆಯ ಫಾರಮಿನ ಕೊನೆಯಲ್ಲಿ ಹೊಳೆಯ ದಂಡೆಗೆ ಎತ್ತು ಬಿಚ್ಚಿದ್ದಾರೆ, ಮಗಳು “ಅಪ್ಪಾ, ಒಂದು ಮಾತು” ಎಂದಿದ್ದಾಳೆ. ಆ ಮಾತು ಈ ಫಾರಮಿನಲ್ಲಿತ್ತು. ದಾದರ್‌ನಿಂದ ಬಾಂದ್ರಾ ಬರುವುದರೊಳಗೆ ಅವನು ಹದಿನಾರೂ ಪುಟ ಬಾಚಿ ಮುಗಿಸಿ, ಅದನ್ನು ಕಂಕುಳಲ್ಲಿ ಸಿಕ್ಕಿಸಿ ಪೈಲ್ವಾನನನ್ನು ತೆಗೆದ. ಅಂಧೇರಿಯಲ್ಲಿ ಇಳಿಯುವವರ ದಂಡು ಅವನನ್ನು ಬಾಗಿಲವರೆಗೆ ಒಯ್ದು, ಹತ್ತುವವರ ದಂಡು ಮತ್ತೆ ಒಳಕ್ಕೆ ನೂಕಿತು.

ಮನೆಯಲ್ಲಿ ಚೀಲ ಬಿಚ್ಚಿದಾಗ ಎರಡೇ ಫಾರಂ ಇದ್ದವು.

ಬಂಡಿಯ ಕಾದಂಬರಿಯದು ಇರಲಿಲ್ಲ. ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಅಂಗಿ ಕಳಚಿ ಝಾಡಿಸಿದ. ಕಾಲೇಜಿಗೆ ಹೋಗುವ ಮಗಳು ರಂಜನಾ ಸಂಗತಿ ಕೇಳಿ, “ಪಪ್ಪಾ, ಪೆಹ್ಲೇ ಫೋಟೋ ನಿಕಾಲ್ನಾ ಥಾ ನಾ! ಫೋನ್ ಹೈ ನಾ ನಿನ್ ಹತ್ರ?” ಎಂದಳು. ಹೌದಲ್ಲ! ಎಂಟು ತಿಂಗಳು ಜೇಬಿನಲ್ಲಿ ಫೋನು ಇಟ್ಟುಕೊಂಡು ತಿರುಗಿದವನಿಗೆ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳುವುದು ಹೊಳೆದಿರಲಿಲ್ಲ. ಮಗಳ ಮೇಲೆ ಸುಮ್ಮನೆ ರೇಗಿದ. ಆಮೇಲೆ ರೇಗಿದ್ದಕ್ಕೂ ನೊಂದುಕೊಂಡ.

ಶುಕ್ರವಾರ ಕೆಲಸಕ್ಕೆ ರಜೆ ಹಾಕಿ ಸ್ಟೇಷನ್ನುಗಳನ್ನು ಸುತ್ತಿದ. ಕಳೆದ ಸಾಮಾನು ಇಡುವ ಕೋಣೆಯಲ್ಲಿ ಕೂತವನು, “ಕ್ಯಾ ಖೋಯಾ ಚಾಚಾ?” ಎಂದು ಕೇಳಿದ.

“ಸೋಲಾ ಪಾನಾ.” ಹದಿನಾರು ಪುಟ ಎಂದ ಚನ್ನಬಸಯ್ಯ.

“ಕಿತಾಬ್?”

“ಕಿತಾಬ್ ನಹೀ. ಕಿತಾಬ್ ಕೇ ಬೀಚ್ ಕಾ.” ಪುಸ್ತಕವಲ್ಲ, ಪುಸ್ತಕದ ನಡುವಿನದು.

ಆತ ಪಾಪ, ನಗಲಿಲ್ಲ. ಕಪಾಟು ತೆರೆದು ತೋರಿಸಿದ. ಕೊಡೆಗಳು, ಒಂಟಿ ಚಪ್ಪಲಿ, ಯಾರದೋ ಕೃತಕ ಹಲ್ಲು. ಕಾಗದ ಇರಲಿಲ್ಲ. ಚನ್ನಬಸಯ್ಯ ಅಂಧೇರಿ ಸ್ಟೇಷನ್ನಿನ ಹೊರಗೆ ಭೇಲ್ ಮಾರುವವನ ಮುಂದೆ ನಿಂತು, ಪೊಟ್ಟಣ ಕಟ್ಟುವ ಕಾಗದದ ಅಟ್ಟಿಯನ್ನೇ ಕೆದಕಿದ. ಮರಾಠಿ ಇತ್ತು, ಗುಜರಾತಿ ಇತ್ತು, ಯಾವುದೋ ಶಾಲೆಯ ಗಣಿತದ ಪ್ರಶ್ನೆಪತ್ರಿಕೆ ಇತ್ತು. ಭೇಲ್‌ನವನು ಬೈಯುವ ಮೊದಲು ಒಂದು ಪೊಟ್ಟಣ ಕೊಂಡು, ತಿನ್ನದೆ ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದ. ಧಾರವಾಡದ ಒಂದು ಪುಸ್ತಕದ ಅಂಗಡಿಗೂ ಫೋನು ಮಾಡಿ ಕಥೆ ಹೇಳಿ ಕೇಳಿದ. ಹೆಸರಿಲ್ಲದ, ಐವತ್ತು ವರ್ಷ ಮೀರಿದ ಕಾದಂಬರಿ ಎಲ್ಲಿಂದ ತರೋಣರಿ ಎಂದರು ಅವರು.

ಶನಿವಾರ ಅವನು ಐದೂ ಪುಸ್ತಕಗಳನ್ನು ಹೊಲಿದ. ಕೈ ತನ್ನ ಪಾಡಿಗೆ ಕೆಲಸ ಮಾಡಿತು: ದಾರ, ಅಂಟು, ರಟ್ಟು, ಕೆಂಪು ರೆಕ್ಸಿನ್. ಬಂಡಿಯ ಕಾದಂಬರಿಯಲ್ಲಿ ನೂರಿಪ್ಪತ್ತೆಂಟನೆಯ ಪುಟದ ಪಕ್ಕಕ್ಕೆ ನೂರನಲವತ್ತೈದು ಬಂದು ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ, ಬೈಂಡಿಂಗ್ ಬಲ್ಲವನಿಗೂ ಸಂಶಯ ಬಾರದು. ಓದಿದವರಿಗೆ ಮಾತ್ರ ಗೊತ್ತಾಗುತ್ತದೆ. ಎಂಬತ್ತು ದಾಟಿದ ಮುದುಕಿ, ಅದೂ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ, ಇದನ್ನು ಎಲ್ಲಿ ಓದುತ್ತಾರೆ? ಹೀಗೆ ತನಗೆ ತಾನೇ ಹತ್ತು ಸಲ ಹೇಳಿಕೊಂಡ. 

ಭಾನುವಾರ ಬೆಳಿಗ್ಗೆ ಎರಡು ಕಡೆ ಗಾಡಿ ಬದಲಿಸಿ ಚೆಂಬೂರು ಮುಟ್ಟಿದ. ಶೀಲಾವತಿ ಟೀಚರು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಉಡುಪಿ ಕಡೆಯವರು, ಒಂಟಿ ಜೀವ. ಮನೆ ತುಂಬ ಹಗ್ಗ ಬಿಗಿದ ಡಬ್ಬಗಳು. ಕುರ್ಚಿ ಆಗಲೇ ಹೋಗಿತ್ತು, ಇಬ್ಬರೂ ಡಬ್ಬಗಳ ಮೇಲೆ ಕೂತರು. ಟೀಚರು ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟು, ಪುಸ್ತಕಗಳನ್ನು ಒಂದೊಂದಾಗಿ ಮಡಿಲಿಗೆ ತೆಗೆದುಕೊಂಡು ನೋಡಿದರು.

“ಒಳ್ಳೇ ಕೆಲಸ ಮಾಡಿದ್ದೀರಿ,” ಎಂದರು. ಆಮೇಲೆ ಬಂಡಿಯ ಕಾದಂಬರಿ ಕೈಗೆ ಬಂತು. ಅದನ್ನು ಅವರು ಕೆಳಗಿಡಲಿಲ್ಲ.

“ನಿಜ ಹೇಳ್ಬೇಕಂದ್ರೆ ಇದೊಂದಕ್ಕೋಸ್ಕರ ಐದನ್ನೂ ಕೊಟ್ಟದ್ದು. ಇದರಲ್ಲಿ ಒಂದು ಹುಡುಗಿ ಉಂಟು. ಗಂಡನ ಮನೆಗೆ ಹೋಗುವ ದಾರಿಯಲ್ಲಿ ಅಪ್ಪನಿಗೆ ಏನೋ ಒಂದು ಮಾತು ಹೇಳ್ತಾಳೆ. ನಾನು ಅದನ್ನು ಓದಿದ್ದು ಇಪ್ಪತ್ತಾರನೇ ವಯಸ್ಸಿಗೆ, ತವರಿಗೆ ಬಂದಿದ್ದಾಗ. ಓದಿದ ಮೇಲೆ ಗಂಡನ ಮನೆಗೆ ತಿರುಗಿ ಹೋಗ್ಲಿಲ್ಲ. ಬೊಂಬಾಯಿಗೆ ಬಂದೆ, ಟೀಚರಾದೆ. ಈಗ ನೋಡಿ, ಪುಸ್ತಕದ ಹೆಸರೂ, ಆ ಮಾತು ಎಂತದ್ದು ಅಂತಲೂ ಮರ್ತು ಹೋಗಿದೆ. ಮತ್ತೊಮ್ಮೆ ಓದುವ ಅಂತ ತೆಗೆದ್ರೆ ಪುಟಗಳೆಲ್ಲ ಕೈಗೇ ಬಂದ್ವು. ಹಿಂದುಮುಂದಾಗಿ ಕಳೆದು ಹೋದ್ರೆ ಅಂತ ಹೆದರಿ ನಿಮಗೆ ಕೊಟ್ಟೆ.”

ಚನ್ನಬಸಯ್ಯ ಚಾದ ಲೋಟವನ್ನು ಕೆಳಗಿಟ್ಟ. ಸುಮ್ಮನೆ ಎದ್ದು ಹೋಗಿಬಿಡಬಹುದಿತ್ತು. ಟೀಚರು ಆಗಲೇ ಕನ್ನಡಕ ಹುಡುಕುತ್ತಿದ್ದರು.

“ಟೀಚರ್, ಹುಡುಕಬ್ಯಾಡ್ರಿ. ಆ ಪಾನಾ ಅದರಾಗ ಇಲ್ರಿ. ನಾ ಕಳದೀನ್ರಿ, ಲೋಕಲ್‌ನ್ಯಾಗ.”

ಎಲ್ಲವನ್ನೂ ಹೇಳಿದ. ಹಚ್ಚದ ಅಂಟನ್ನೂ, ದಿನಕ್ಕೊಂದು ಫಾರಮನ್ನೂ, ಕಂಕುಳಲ್ಲಿ ಸಿಕ್ಕಿಸಿದ್ದನ್ನೂ, ಗೊತ್ತಾಗದ ಹಾಗೆ ಹೊಲಿದದ್ದನ್ನೂ. ಟೀಚರು ನೂರಿಪ್ಪತ್ತೆಂಟನೆಯ ಪುಟ ತೆರೆದು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಸಿಟ್ಟು ಬಂದಿತ್ತು. ಶಾಲೆಯಲ್ಲಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರೋ ಏನೋ.

“ನೀವು ಓದಿದ್ರಲ್ಲ?” ಎಂದರು ಕೊನೆಗೆ.

“ಓದೀನ್ರಿ.”

“ಹಾಗಾದ್ರೆ ಹೇಳಿ. ಅಷ್ಟು ಸಾಕು ನನಗೆ.”

ಚನ್ನಬಸಯ್ಯ ಶುರು ಮಾಡಿದ. ಮತ್ತೆ ಮತ್ತೆ ಓದಿದ್ದ ಹಿಂದಿನ ಫಾರಮಿನಿಂದ ತೆಗೆದ. ಎಡಗಡೆಯ ಎತ್ತಿನ ಕೊಂಬು ಮುಕ್ಕಾಗಿದ್ದು, ಮಗಳು ಬುತ್ತಿ ಬಿಚ್ಚಿದ್ದು, ತಂದೆ ಮೊದಲ ತುತ್ತು ಹೊಳೆಗೆ ಹಾಕಿದ್ದು, ಅವಳು ಒದ್ದೆ ಸೆರಗನ್ನು ಹಿಂಡುತ್ತ “ಅಪ್ಪಾ, ಒಂದು ಮಾತು” ಅಂದದ್ದು. ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಟೀಚರು ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೇಳಿದರು. ಅಲ್ಲಿಗೆ ಬಂದು ಅವನು ನಿಂತ.

ಮುಂದೆ ಏನೂ ಇರಲಿಲ್ಲ. ಹಿಡಿಕೆ ಇತ್ತು, ಬೆವರು ಇತ್ತು, “ಆಗೇ ಚಲೋ” ಎಂಬ ಕೂಗು ಇತ್ತು. ಹದಿನಾರು ಪುಟಗಳ ಮೇಲೆ ಕಣ್ಣಾಡಿದ್ದು ನೆನಪಿತ್ತು, ಆ ಮಾತು ನೆನಪಿರಲಿಲ್ಲ. ಕಣ್ಣು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ.

“ಅಪ್ಪ ಬೈಲಿಲ್ರಿ. ಅಷ್ಟ ಗೊತ್ತು. ಬಂಡಿ ತಮ್ಮೂರ ಕಡೆ ಹೊಳ್ಳಿಸಿದ,” ಎಂದ. “ಆಕಿ ಏನಂದ್ಲು... ನೆನಪಿಗೆ ಬರವಲ್ದ್ರಿ. ನಿಂತು ಓದಿದ್ನಿ, ಗಡಬಡಿ ಮಾಡಿದ್ನಿ.”

ಅವನಿಗೆ ಅಳು ಬಂತು. ಐವತ್ತನಾಲ್ಕು ವರ್ಷದ ಗಂಡಸು ಡಬ್ಬದ ಮೇಲೆ ಕೂತು ಮೂಗು ಒರೆಸಿಕೊಂಡ.

ಟೀಚರು ಪುಸ್ತಕ ಮುಚ್ಚಿದರು. “ಅಲ್ಲ ಚನ್ನಬಸಯ್ಯ, ಏನಾದ್ರೂ ಒಂದು ಒಳ್ಳೇ ಮಾತು ಕಟ್ಟಿ ಹೇಳ್ಬಹುದಿತ್ತಲ್ಲ? ನನಗೆ ಗೊತ್ತಾಗ್ತಿರ್ಲಿಲ್ಲ.”

“ಹೇಳಬಹುದಿತ್ರಿ. ಆದ್ರ ಆಕಿ ಹಂಗ ಅಂದಿಲ್ಲಲ್ರಿ.”

ಕೆಳಗೆ ಸಾಮಾನಿನ ಟೆಂಪೋ ಹಾರ್ನ್ ಹೊಡೆಯಿತು. ಟೀಚರು ನಾಲ್ಕು ಪುಸ್ತಕಗಳನ್ನು ಡಬ್ಬದೊಳಗೆ ಇಟ್ಟರು. ಬಂಡಿಯ ಕಾದಂಬರಿಯನ್ನು ಅವನ ಕೈಯಲ್ಲಿಟ್ಟು, ಅದರ ಮೇಲೆ ತಮ್ಮ ಕೈಯನ್ನೂ ಇಟ್ಟರು.

“ಇದನ್ನು ತಗೊಂಡು ಹೋಗಿ. ಮೊದಲಿನಿಂದ ಓದಿ, ನೀವು ಓದುವ ಹಾಗೆಯೇ. ಅಲ್ಲಿಗೆ ಬಂದಾಗ ನೆನಪಾದ್ರೂ ಆದೀತು. ಆದ ಕೂಡ್ಲೆ ನನಗೆ ಫೋನ್ ಮಾಡಿ.”

“ಮಾಡ್ತೀನ್ರಿ ಟೀಚರ್.”

“ಅವಸರ ಮಾಡ್ಬೇಡಿ,” ಎಂದರು. ಅವನು ಮೆಟ್ಟಿಲು ಇಳಿಯತೊಡಗಿದಾಗ ಬಾಗಿಲಿಗೆ ಬಂದು, “ಆದ್ರೆ ನನಗೆ ಎಂಬತ್ತೊಂದಾಯ್ತು,” ಎಂದರು.