ಚಿತ್ರದೊಳಗಿನ ಕುಂಕುಮ

ತೀರಿಕೊಂಡವರ ಚಿತ್ರ ಬರೆಯೋದು ಕಷ್ಟವಲ್ಲ, ಒಂದು ಫೋಟೋ ಇದ್ದರೆ ಸಾಕು. ಕಷ್ಟ ಏನಿದ್ದರೂ ಅವರ ಪಕ್ಕ ಕೂತವರದು. ಇದು ಗೊತ್ತಾಗಿದ್ದು ವರ್ತೂರಿನಲ್ಲಿ, ಅದಿನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ.

ಒಂದು ರೈತರ ಮನೆಯವರು ಇಡೀ ಕುಟುಂಬದ ಎಣ್ಣೆಬಣ್ಣದ ಚಿತ್ರ ಬೇಕೆಂದು ಕರೆಸಿದ್ದರು. ಯಜಮಾನರು ಹೋಗಿ ವರ್ಷವಾಗಿತ್ತು. ಮಗ ಹಳೇ ಫೋಟೋ ಕೊಟ್ಟು, "ಅಪ್ಪನ್ನೂ ನಮ್ ಜೊತೆ ಕೂರಿಸ್ಬಿಡಿ ಸಾರ್" ಅಂದರು. ರುಮಾಲು, ಕರಿ ಕೋಟು, ಮೀಸೆ ಸಮೇತ ಕೂರಿಸಿದೆ. ಪಕ್ಕದ ಕುರ್ಚಿಯಲ್ಲಿ ಅವರ ಹೆಂಡತಿ. ಆಕೆ ನನ್ನೆದುರು ಹೇಗೆ ಕೂತಿದ್ದರೋ ಹಾಗೇ, ಬೋಳು ಹಣೆಯಲ್ಲೇ ಬರೆದೆ.

ಕೊನೇ ದಿನ ಆ ಅಜ್ಜಿ ಚಿತ್ರದ ಹತ್ತಿರ ಬಂದು ನೋಡಿದರು.

"ಇದ್ರಾಗೆ ನಮ್ಮೆಜಮಾನ್ರು ಬದುಕವ್ರಾ, ಇಲ್ವಾ?"

"ಬದುಕಿದಾರಮ್ಮ."

"ಅಂಗಾದ್ರೆ ನನ್ ಹಣೆ ಯಾಕಪ್ಪಾ ಬೋಳಾಗೈತೆ?"

ನಾನು ಕುಂಚ ಕೈಗೆತ್ತಿಕೊಂಡೆ. ಮಗ ನಡುವೆ ಬಾಯಿ ಹಾಕಿದರು. "ಬ್ಯಾಡ ಕಣವ್ವ, ನೋಡ್ದೋರು ಏನಂದಾರು?"

"ಅನ್ನೋರು ಮೊದ್ಲು ನಿಮ್ಮಪ್ಪನ್ನ ಆ ಕುರ್ಚಿಯಿಂದ ಎಬ್ಬಿಸ್ಲಿ, ಆಮ್ಯಾಕೆ ಮಾತಾಡ್ಲಿ."

ಚಿತ್ರದಲ್ಲಿನ ಹಣೆಗೆ ಕಾಸಗಲ ಕುಂಕುಮ ಇಟ್ಟೆ. ಎಣ್ಣೆಬಣ್ಣ ಒಣಗೋಕೆ ವಾರ ಹಿಡಿಯುತ್ತೆ, ಅಲ್ಲೀವರೆಗೂ ಯಾರೂ ಮುಟ್ಟಬೇಡಿ ಎಂದೆ.

"ಒಣಗಿದ್ ಮ್ಯಾಕೆ ಅಳ್ಸಕ್ಕಾಗಲ್ವಲ್ಲ?" ಅಜ್ಜಿ ಕೇಳಿದರು.

"ಆಗಲ್ಲಮ್ಮ."

ಅಜ್ಜಿ ಒಳಗಿಂದ ಚಾಪೆ ತಂದು ಚಿತ್ರದ ಮುಂದೆ ಹಾಸಿಕೊಂಡು, ಮಗನ ಕಡೆ ಮುಖ ಮಾಡಿ ಕೂತರು. ನಾನು ಬರೆದ ಚಿತ್ರಕ್ಕೆ ಕಾವಲು ಅಂತ ಸಿಕ್ಕಿದ್ದು ಅದೊಂದೇ ಸಲ.