ಇಬು ಚಾಚಿದ ಕೈ

ಮೊನ್ನೆ ಮಗಳಿಗೆ ನೆಗಡಿಯೆಂದು ನೀಲಗಿರಿ ಎಣ್ಣೆಯ ಮುಚ್ಚಳ ತೆಗೆದೆ. ಅಷ್ಟೇ, ಪಕ್ಕದ ಮನೆಯ ಇಬು ಬಂದು ಅಡುಗೆಮನೆಯಲ್ಲಿ ನಿಂತಂತಾಯಿತು! ಅವರ ಕೈಗೆ ಸದಾ ಇಂಥದೇ ವಾಸನೆ. ತಲೆನೋವು, ಹೊಟ್ಟೆನೋವು, ಬೇಸರ, ಎಲ್ಲಕ್ಕೂ ಅವರ ಹತ್ತಿರ ಊರಿನಿಂದ ತಂದ ಒಂದೇ ಹಸಿರು ಬಾಟಲಿಯ ಎಣ್ಣೆ.

ಜಪಾನಿನ ನೋಮಿ ಎಂಬ ಊರಲ್ಲಿ ನನ್ನ ಗಂಡ ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲೇ ಅವರ ಮಗಳು ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಬಾಣಂತನಕ್ಕೆಂದು ಇಬು ಇಂಡೋನೇಷ್ಯಾದಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಇಬು ಅಂದರೆ ಅವರ ಭಾಷೆಯಲ್ಲಿ ಅಮ್ಮ. ನಾವೂ ಹಾಗೇ ಕರೆದೆವು.

ಆ ಸಂಕ್ರಾಂತಿಗೆ ಎಳ್ಳು ಬೀರಲು ಎರಡೂವರೆ ವರ್ಷದ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಹಿರಿಯರಲ್ಲವೇ ಎಂದು ಬಗ್ಗಿ ಕಾಲು ಮುಟ್ಟಿದ್ದೇ ತಡ, ಇಬು ಇರುವೆ ಕಚ್ಚಿದವರಂತೆ ಹಾರಿ, "ದಾಮೆ! ದಾಮೆ!" ಎಂದು ತಮಗೆ ಗೊತ್ತಿದ್ದ ಚೂರು ಜಪಾನಿಯಲ್ಲಿ ಬೇಡ ಬೇಡವೆಂದರು. ಆಮೇಲೆ ನಗುತ್ತಾ ಕೈ ಚಾಚಿದರು. ನಾನು ಪೆದ್ದಿ, ಹಿಡಿದು ಕುಲುಕಿಬಿಟ್ಟೆ! ಅವರ ಮಗಳು ನಕ್ಕೂ ನಕ್ಕೂ ಸುಸ್ತಾದಳು. ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಬೇಕಂತೆ, ಅದಕ್ಕೆ ಸಲಿಮ್ ಅನ್ನುತ್ತಾರಂತೆ. ಅವರ ಮನೆಯಲ್ಲಿ ಮಂಡಿಯೂರುವುದು ಈದ್ ಹಬ್ಬದ ದಿನ, ಹೆತ್ತವರ ಮುಂದೆ. ಮಡಿಲಲ್ಲಿ ತಲೆಯಿಟ್ಟು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಅಂದಿನಿಂದ ನನ್ನ ಮಗಳು ಸಲಿಮ್ ಮಾಡಲು ದಿನಕ್ಕೆ ಹತ್ತು ಸಲ ಆ ಮನೆಗೆ ಓಡತೊಡಗಿದಳು.

ಆಮೇಲೆ ಕೊರೋನಾ... ಇಬುವಿನ ವಿಮಾನ ರದ್ದಾಯಿತು. ಮೂರು ತಿಂಗಳು ಹೋಗಿ ಒಂದೂವರೆ ವರ್ಷವಾಯಿತು. ಯಾರ ಕೈಯನ್ನೂ ಯಾರೂ ಮುಟ್ಟುವಂತಿಲ್ಲ. ಊರಲ್ಲಿ ಇಬುವಿನ ತಾಯಿ, ತೊಂಬತ್ತರ ಹತ್ತಿರದ ಜೀವ, ಹಾಸಿಗೆ ಹಿಡಿದಿದ್ದರು. ಎರಡು ಹಬ್ಬಕ್ಕೂ ಇಬು ಫೋನಿನ ಮುಂದೆಯೇ ಮಂಡಿಯೂರಿದರು. ಅಮ್ಮನ ಕೈ ಇನ್ನೊಂದು ಸಲ ಸಿಕ್ಕರೆ ಸಾಕು ಅನ್ನುವುದೊಂದೇ ಅವರ ಜಪ.

ಕೊನೆಗೂ ಟಿಕೆಟ್ ಸಿಕ್ಕಿತು! ಟೆಸ್ಟಿನ ಕಾಗದ ಹಿಡಿದು "ನೆಗೆಟಿವ್! ನೆಗೆಟಿವ್!" ಎಂದು ಇಬು ವರಾಂಡದಲ್ಲಿ ಕುಣಿದರು. ನಾವು ನಮ್ಮ ಬಾಗಿಲಲ್ಲೇ ನಿಂತು ಚಪ್ಪಾಳೆ ಹೊಡೆದೆವು. ಆ ಪದ ಕೇಳಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಇಬು ಹೊರಟ ಬೆಳಿಗ್ಗೆ ನನ್ನ ಮಗಳು ಅವರ ಟ್ಯಾಕ್ಸಿಯತ್ತ ಓಡಿದಳು. ಇಬು ಅಭ್ಯಾಸಬಲದಿಂದ ಕೈ ಚಾಚಿಯೇಬಿಟ್ಟರು. ಮಗಳಿಗೆ ಹಿಂದಿನ ದಿನದಿಂದ ಮೂಗು ಸೋರುತ್ತಿತ್ತು. ಇಬುವಿಗೆ ಅಲ್ಲಿ ಇಳಿದ ಮೇಲೆ ಇನ್ನೊಂದು ಟೆಸ್ಟ್ ಇತ್ತು, ಅದೂ ನೆಗೆಟಿವ್ ಬಂದರೆ ಮಾತ್ರ ತಾಯಿಯ ಹತ್ತಿರ ಹೋಗಬಹುದಿತ್ತು. ನಾನು ಹಿಂದಿನಿಂದ ಅವಳ ಜಾಕೆಟ್ ಹಿಡಿದು ಎಳೆದೆ.

"ಅಮ್ಮಾ, ವೈ? ಇಬು ಕೈ ಕೊಡ್ತಿದಾರೆ!"

"ಬೇಡ ಪುಟ್ಟಿ, ಇವತ್ತೊಂದಿನ ಬೇಡ. ನೆಕ್ಸ್ಟ್ ಟೈಮ್ ಮಾಡುವಂತೆ."

ಇಬು ಆ ಕೈಯನ್ನೊಮ್ಮೆ ನೋಡಿ, ಎದೆಗೆ ಒತ್ತಿಕೊಂಡು ಕಾರು ಹತ್ತಿದರು.

ಎರಡು ವಾರದ ಮೇಲೆ ವಿಡಿಯೋ ಕಾಲ್ ಬಂತು. ಅಬ್ಬಾ! ಹಾಸಿಗೆಯ ಅಂಚಿಗೆ ತಂದು ಕೂರಿಸಿದ ತಾಯಿ, ಅವರ ಮಡಿಲಲ್ಲಿ ಇಬುವಿನ ತಲೆ, ತಲೆಯ ಮೇಲೆ ಆ ಮುದಿ ಕೈ! ಕೆಳಗಿನ ಮನೆಯವರ ಪರಿವೆಯೇ ಇಲ್ಲದೆ ನಾನೂ ಮಗಳೂ ಕುಣಿದಾಡಿದೆವು. ಇವತ್ತು ನೆನೆದರೂ ಮೈ ಜುಮ್ಮೆನ್ನುತ್ತದೆ.

ಕಳೆದ ವರ್ಷ ಇಬು ತೀರಿಕೊಂಡರು. ಮೊನ್ನೆ ಮಗಳ ಮೂಗಿಗೆ ಎಣ್ಣೆ ಹಚ್ಚುತ್ತಾ ಅವರ ಮಾತೆತ್ತಿದರೆ, "ಹೂ ಈಸ್ ದಟ್, ಅಮ್ಮ?" ಅಂದಳು. ಸಲಿಮ್ ಕೂಡ ಅವಳಿಗೆ ನೆನಪಿಲ್ಲ.

ಅಂದು ನಾನು ಎಳೆದದ್ದು ಸರಿಯೇ. ಇಬು ತಾಯಿಯನ್ನು ಸೇರಿದರಲ್ಲ! ಇದನ್ನು ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಆದರೂ... ಒಂದು ಕ್ಷಣ ಆ ಜಾಕೆಟ್ ಬಿಟ್ಟುಬಿಡಬೇಕಿತ್ತು.